ಆಫ್ರಿಕಾ ಸಫಾರಿಗೆ ಕಂಪನಿ ಆರಿಸುವಾಗ ಮೊದಲು ಕೇಳಿ: ಗೇಟಿನ ಒಳಗೆ ಎಷ್ಟು ಗಂಟೆ?

ಡೊಂಬಿವಲಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಮೂರು ಕೊಟೇಶನ್ ಹರಡಿಕೊಂಡು ಕೂತಿದ್ದೆವು. 2024ರ ದೀಪಾವಳಿ ರಜೆಗೆ ಕೀನ್ಯಾಗೆ ಹೋಗೋಣ ಎಂದು ನಾನು, ನನ್ನ ಹೆಂಡತಿ, ಅಕ್ಕ, ಭಾವ ನಾಲ್ಕು ಜನ ಮಾತಾಡಿಕೊಂಡಿದ್ದೆವು. ಮೂರೂ ಕಂಪನಿಯವರು ಬರೆದದ್ದು ಹೆಚ್ಚುಕಮ್ಮಿ ಒಂದೇ. ಏಳು ದಿನ, ಅಲ್ಲಿನ ಮಸಾಯಿ ಮಾರಾ ಕಾಡಿನಲ್ಲಿ ಎರಡು ರಾತ್ರಿ, ಮೂರು ಹೊತ್ತು ಊಟ. ಬೆಲೆ ಮಾತ್ರ 1.85 ಲಕ್ಷ, 2.20 ಲಕ್ಷ, 2.90 ಲಕ್ಷ. ಮಾಡುವ ಕೆಲಸ ಒಂದೇ ಅಂದಮೇಲೆ ಜಾಸ್ತಿ ಯಾಕೆ ಕೊಡಬೇಕು ಎಂದು ಕಡಿಮೆಯದಕ್ಕೆ ದುಡ್ಡು ಕಟ್ಟಿದೆವು.

ಮಾರಾಗೆ ಮೊದಲ ದಿನ ತಲುಪಿದಾಗ ಸಂಜೆಯಾಗಿತ್ತು. ಒಳಗೆ ಹೋಗಲಿಲ್ಲ. ಪತ್ರದಲ್ಲಿ ಬರೆದಿದ್ದ ಲಾಜ್ ಸಿಗಲಿಲ್ಲ, 'ಅದೇ ದರ್ಜೆಯ' ಇನ್ನೊಂದಕ್ಕೆ ಹಾಕಿದರು. ಅದು ಗೇಟಿನಿಂದ ಒಂದೂಕಾಲು ಗಂಟೆ ದೂರ. ಮರುದಿನ ತಿಂಡಿ ಮುಗಿಸಿ ಗೇಟಿಗೆ ಬಂದಾಗ ಒಂಬತ್ತು. ಸಂಜೆ ಐದಕ್ಕೇ ವಾಪಸ್ ತಿರುಗಿಸಿದರು. ಮೂರನೇ ದಿನ ಬೆಳಗ್ಗೆ ನೈರೋಬಿ ದಾರಿ. ಎರಡು ರಾತ್ರಿಯ ಮಾರಾದಲ್ಲಿ ನಾವು ಕಾಡಿನ ಒಳಗಿದ್ದದ್ದು ಎಂಟೇ ಗಂಟೆ. ಅದೂ ಊಟದ ಹೊತ್ತು ಸೇರಿ. ಅಕ್ಕ ಬರುವಾಗ ವಿಮಾನದಲ್ಲಿ ಮಾತೇ ಆಡಲಿಲ್ಲ. ಚಿರತೆ ನೋಡಬೇಕು ಅಂತ ಅವಳಿಗೆ ತುಂಬಾ ಆಸೆ ಇತ್ತು.

ಎರಡನೇ ಸಲ ಆರು ಜನ ಸೇರಿ ನಾವೇ ಲೆಕ್ಕ ಹಾಕಿ, ಕಂಪನಿಗಳನ್ನು ಕೇಳಿ, ರಸ್ತೆ ಮೇಲೆಯೇ ಕೀನ್ಯಾ-ತಾಂಜಾನಿಯಾ ಎರಡೂ ಮಾಡಿ ಬಂದೆವು. ಮಾಹಿಮಿನ ಕರ್ನಾಟಕ ಸಂಘದಲ್ಲಿ, ಮಾಟುಂಗಾದಲ್ಲಿ ಕಾಫಿಗೆ ಕೂತಾಗ, ಎಲ್ಲಿ ಹೋದರೂ ಈಗ ಇದನ್ನೇ ಕೇಳುತ್ತಾರೆ. ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲು: ಯಾವ ತರಹದ ಪ್ರವಾಸ ಬೇಕು?

ರಸ್ತೆ ಸಫಾರಿಯಲ್ಲಿ ಮೂರು ಬಗೆ ಇದೆ. ಇದು ತೀರ್ಮಾನವಾಗದೆ ಬೆಲೆ ಹೋಲಿಸಲು ಹೋಗಬೇಡಿ.

ಒಂದನೆಯದು ಓವರ್‌ಲ್ಯಾಂಡ್ ಟ್ರಕ್. ದೊಡ್ಡ ಲಾರಿಯನ್ನೇ ಇಪ್ಪತ್ತು ಇಪ್ಪತ್ತನಾಲ್ಕು ಸೀಟಿನ ಗಾಡಿ ಮಾಡಿರುತ್ತಾರೆ. ಕೆಳಗೆ ಅಡುಗೆ ಸಾಮಾನು, ಟೆಂಟು, ನೀರಿನ ಟ್ಯಾಂಕು. ಬೇರೆ ಬೇರೆ ದೇಶದವರು ಇರುತ್ತಾರೆ. ನಿಮ್ಮ ಟೆಂಟು ನೀವೇ ಹಾಕಬೇಕು, ತರಕಾರಿ ಹೆಚ್ಚುವ ಪಾಳಿ ನಿಮಗೂ ಬರುತ್ತದೆ. ನೈರೋಬಿಯಿಂದ ಕೇಪ್‌ಟೌನ್ ತನಕ ಎಂಟು ವಾರ ಓಡುವ ಟ್ರಕ್ಕುಗಳೂ ಇವೆ, ಹತ್ತು ದಿನದವೂ ಇವೆ. ಒಬ್ಬರೇ ಹೋಗುವವರಿಗೆ ಇದರಷ್ಟು ಅಗ್ಗ ಬೇರೆ ಇಲ್ಲ. ಟೆಂಟನ್ನು ಇನ್ನೊಬ್ಬರ ಜೊತೆ ಹಂಚಿಕೊಂಡರೆ ಒಂಟಿ ರೂಮಿನ ಹೆಚ್ಚುವರಿ ದುಡ್ಡು ಬೀಳುವುದಿಲ್ಲ.

ಆದರೆ ಟ್ರಕ್ಕಿನ ಬೆಲೆ ಎರಡು ತುಂಡಾಗಿರುತ್ತದೆ. ಬುಕ್ ಮಾಡುವಾಗ ಕಟ್ಟುವುದು ಒಂದು. ಹೊರಡುವ ದಿನ ಡಾಲರ್ ನಗದಾಗಿ ಲೀಡರ್ ಕೈಗೆ ಕೊಡುವ 'ಕಿಟ್ಟಿ' ಇನ್ನೊಂದು. ಎಲ್ಲ ಕಂಪನಿಯಲ್ಲೂ ಕಿಟ್ಟಿ ಇರುವುದಿಲ್ಲ, ಇರುವ ಕಡೆ ಅದು ದೊಡ್ಡ ಮೊತ್ತವೇ ಆಗಿರುತ್ತದೆ. ಇನ್ನೊಂದು ಮಾತು. ಈ ಟ್ರಕ್ಕುಗಳು ಸಾಮಾನ್ಯವಾಗಿ ತಾಂಜಾನಿಯಾದ ಎನ್‌ಗೊರೊಂಗೊರೊ, ಸೆರೆಂಗೆಟಿ ಕಾಡುಗಳ ಒಳಗೆ ಹೋಗುವುದಿಲ್ಲ. ಅಲ್ಲಿನ ಅರೂಶಾ ಊರಿನ ಕಡೆ ಎಲ್ಲೋ ನಿಲ್ಲಿಸಿ ಜನರನ್ನು ಚಿಕ್ಕ ಜೀಪಿಗೆ ಹತ್ತಿಸುತ್ತಾರೆ. ಆ ಜೀಪಿನ ಎರಡು ಮೂರು ದಿನ ಕೆಲವು ಕಂಪನಿಯಲ್ಲಿ 'ಐಚ್ಛಿಕ'. ಅಂದರೆ ದುಡ್ಡು ಬೇರೆ. ಅಷ್ಟು ದೂರ ಹೋಗಿ ಸೆರೆಂಗೆಟಿ ಬೇಡ ಅನ್ನುವವರು ಯಾರಿದ್ದಾರೆ? ಹಾಗಾಗಿ ಅದನ್ನು ಸೇರಿಸಿಯೇ ಬೆಲೆ ನೋಡಿ.

ಎರಡನೆಯದು ಮುಂಬೈ ಕಂಪನಿಗಳ ಗ್ರೂಪ್ ಟೂರ್. ಟಿಕೆಟ್, ವೀಸಾ, ಜೊತೆಗೊಬ್ಬ ಮ್ಯಾನೇಜರ್, ಸಸ್ಯಾಹಾರ, ಎಲ್ಲ ಅವರದೇ ಹೊಣೆ. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಇದರಲ್ಲಿ ಒಂದು ನಿಶ್ಚಿಂತೆ ಇದೆ. ನಮಗೆ ಒಂದು ಸಲ ಕೆಟ್ಟದಾಯಿತು ಎಂದು ಎಲ್ಲರೂ ಹಾಗೆ ಅನ್ನಲಾರೆ. ಆದರೆ ದಿನದ ಹೊತ್ತು ನಿಮ್ಮ ಕೈಯಲ್ಲಿರುವುದಿಲ್ಲ. ನಲವತ್ತು ಜನ ತಿಂಡಿ ಮುಗಿಸುವ ತನಕ ಯಾವ ಗಾಡಿಯೂ ಹೊರಡುವುದಿಲ್ಲ.

ಮೂರನೆಯದು ನಾಲ್ಕರಿಂದ ಆರು ಜನ ಸೇರಿ ಒಂದು ಲ್ಯಾಂಡ್ ಕ್ರೂಸರ್ ಮತ್ತು ಡ್ರೈವರ್-ಗೈಡ್ ಹಿಡಿಯುವುದು. ನೈರೋಬಿ ಅಥವಾ ಅರೂಶಾದ ಕಂಪನಿಯಿಂದ ನೇರವಾಗಿ ತೆಗೆದುಕೊಳ್ಳಬಹುದು. ಆರು ಜನ ಸಿಕ್ಕರೆ ನನ್ನ ಪ್ರಕಾರ ಇದೇ ಸರಿ. ಗಾಡಿಯ ಬಾಡಿಗೆ ದಿನಕ್ಕೆ 200ರಿಂದ 300 ಡಾಲರ್ ಆಗುತ್ತದೆ. ಇಬ್ಬರಿಗೆ ಅದು ಭಾರ, ಆರು ಜನಕ್ಕೆ ಹಂಚಿದರೆ ತಲೆಗೆ 50 ಡಾಲರ್ ಒಳಗೆ. ಮಹಾರಾಷ್ಟ್ರದ ತಾಡೋಬಾ ಹುಲಿ ಕಾಡಿನಲ್ಲಿ ಜಿಪ್ಸಿ ಹತ್ತಿದವರಿಗೆ ಸಫಾರಿ ಅಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಪಾಳಿ. ಇಲ್ಲಿ ಹಾಗಲ್ಲ. ನಿಮ್ಮ ಗಾಡಿ ಬೆಳಕು ಹರಿಯುವ ಹೊತ್ತಿಗೆ ಒಳಗೆ ಹೋಗಿ ಕತ್ತಲಾಗುವ ತನಕ ಅಲ್ಲೇ ಇರಬಹುದು. ಬುತ್ತಿ ಕಟ್ಟಿಕೊಂಡು ಹೋದರೆ ಮುಗಿಯಿತು.

ಎರಡನೆಯದು: ತಿಂಗಳು

ಮುಂಬೈಯವರಿಗೆ ದೊಡ್ಡ ರಜೆ ಏಪ್ರಿಲ್-ಮೇ. ಅಲ್ಲಿ ಅದೇ ದೊಡ್ಡ ಮಳೆಗಾಲ. ಲಾಜುಗಳು ಬೆಲೆ ಇಳಿಸುತ್ತವೆ, ಆ ಆಮಿಷಕ್ಕೆ ಬಿದ್ದು ಹೋಗುವವರು ಬಹಳ. ಮಾರಾದ ಮಣ್ಣು ನಮ್ಮ ಗದಗ ಕಡೆಯ ಎರೆ ಮಣ್ಣಿನ ಹಾಗೆ. ಒಣಗಿದ್ದರೆ ಕಲ್ಲು, ನೆನೆದರೆ ಚಕ್ರಕ್ಕೆ ಮುದ್ದೆ ಕಟ್ಟುತ್ತದೆ. ಎರೆ ಹೊಲದಲ್ಲಿ ಮಳೆಗಾಲದಲ್ಲಿ ಚಕ್ಕಡಿ ಹೂತದ್ದನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ವಿಲ್ಡೆಬೀಸ್ಟ್ ಎಂಬ ದೊಡ್ಡ ಜಿಂಕೆ ಜಾತಿಯ ಪ್ರಾಣಿಗಳ ಹಿಂಡು ಮಾರಾ ನದಿ ದಾಟುವುದು ಜುಲೈಯಿಂದ ಅಕ್ಟೋಬರ್ ಒಳಗೆ. ಯಾವ ದಿನ ಎಂದು ಯಾರೂ ಹೇಳಲಾರರು. 'ಖಂಡಿತ ತೋರಿಸುತ್ತೇವೆ' ಎಂದು ಬರೆದು ಕೊಡುವ ಕಂಪನಿ ಇದ್ದರೆ ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಜನವರಿ ಕೊನೆ ಮತ್ತು ಫೆಬ್ರವರಿಯಲ್ಲಿ ಅದೇ ಹಿಂಡು ಸೆರೆಂಗೆಟಿಯ ದಕ್ಷಿಣಕ್ಕೆ, ಎನ್ದುಟು ಕಡೆಯ ಬಯಲಿಗೆ ಬಂದು ಮರಿ ಹಾಕುತ್ತದೆ. ನದಿ ದಾಟುವುದರಷ್ಟು ಹೆಸರು ಇದಕ್ಕಿಲ್ಲ, ಆದರೆ ಸಿಂಹ, ಚೀತಾ ಎಲ್ಲ ಅಲ್ಲೇ ಸುತ್ತುತ್ತಿರುತ್ತವೆ. ಶಾಲೆಗೆ ಹೋಗುವ ಮಕ್ಕಳಿಲ್ಲದ ಮನೆಯವರಿಗೆ ನಾನು ಫೆಬ್ರವರಿಯನ್ನೇ ಹೇಳುತ್ತೇನೆ. ಮಕ್ಕಳಿದ್ದರೆ ದೀಪಾವಳಿ ರಜೆ, ಅದೂ ಹಬ್ಬ ಅಕ್ಟೋಬರಿನಲ್ಲಿ ಬಂದ ವರ್ಷ. ನವೆಂಬರಿನಲ್ಲಿ ಅಲ್ಲಿ ಸಣ್ಣ ಮಳೆ ಶುರುವಾಗುತ್ತದೆ.

ಮೂರನೆಯದು: ಗೇಟಿನ ಲೆಕ್ಕ

ಇದನ್ನು ನಿಧಾನವಾಗಿ ಓದಿ. ಆ ಮೂರು ಕೊಟೇಶನ್‌ಗಳ ಬೆಲೆ ಅಷ್ಟು ಬೇರೆ ಬೇರೆ ಇದ್ದದ್ದಕ್ಕೆ ದೊಡ್ಡ ಕಾರಣ ಇದು. ನಮಗೆ ಅರ್ಥವಾದದ್ದು ವಾಪಸ್ ಬಂದ ಮೇಲೆ.

ಮಸಾಯಿ ಮಾರಾದಲ್ಲಿ ವಿದೇಶಿ ಪ್ರವಾಸಿಗೆ ಪ್ರವೇಶ ಶುಲ್ಕ 2024ರಿಂದ ಹೀಗಿದೆ: ಜನವರಿಯಿಂದ ಜೂನ್ ತನಕ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್ ತನಕ 200 ಡಾಲರ್. ಆ ಟಿಕೆಟ್ 24 ಗಂಟೆಯದಲ್ಲ, 12 ಗಂಟೆಯದು, ಬೆಳಗ್ಗೆ ಆರರಿಂದ ಸಂಜೆ ಆರು. ನೀವು ಸಂಜೆ ನಾಲ್ಕಕ್ಕೆ ಒಳಗೆ ಹೋದರೂ ಆ ಎರಡು ಗಂಟೆಗೆ ಪೂರ್ತಿ ಟಿಕೆಟ್. ಅದಕ್ಕೇ ಕಡಿಮೆ ಬೆಲೆಯ ಕಂಪನಿ ಮೊದಲ ಸಂಜೆ ನಮ್ಮನ್ನು ಒಳಗೆ ಬಿಡಲಿಲ್ಲ. ತಲೆಗೆ 200 ಡಾಲರ್, ನಾಲ್ಕು ಜನಕ್ಕೆ 800 ಡಾಲರ್ ಉಳಿಸಿದರು. 'ಸಂಜೆ ಲಾಜಿನಲ್ಲಿ ವಿಶ್ರಾಂತಿ' ಎಂದು ಬರೆದಿತ್ತು. ನಾವು ಅದನ್ನು ನಮ್ಮ ಅನುಕೂಲಕ್ಕೆ ಅಂದುಕೊಂಡಿದ್ದೆವು.

ಲಾಜ್ ಗೇಟಿನ ಒಳಗಿದೆಯೋ ಹೊರಗಿದೆಯೋ ಎಂಬುದರಿಂದಲೂ ದುಡ್ಡು ಬದಲಾಗುತ್ತದೆ. ಜುಲೈಯಿಂದ ಡಿಸೆಂಬರ್ ಒಳಗೆ ಮೂರು ರಾತ್ರಿ ಹಿಡಿಯಿರಿ. ಒಳಗಿನ ಲಾಜಿನಲ್ಲಿದ್ದರೆ ಮೂರು ದಿನದ ಟಿಕೆಟ್, 600 ಡಾಲರ್. ಹೊರಡುವ ದಿನ ಬೆಳಗ್ಗೆ ಹತ್ತರೊಳಗೆ ಗೇಟು ದಾಟಿದರೆ ಮತ್ತೆ ಕಟ್ಟಬೇಕಿಲ್ಲ, ಹೋಗುವ ದಾರಿಯಲ್ಲೇ ಬೆಳಗಿನ ಒಂದು ಸುತ್ತು ಸಿಗುತ್ತದೆ. ಹೊರಗಿನ ಲಾಜಿನಲ್ಲಿದ್ದು ಅಷ್ಟೇ ಸುತ್ತು ಬೇಕೆಂದರೆ ನಾಲ್ಕು ಟಿಕೆಟ್, 800 ಡಾಲರ್. ಹೊರಗಿನ ಲಾಜ್ ಅಗ್ಗ ನಿಜ. ಆದರೆ ಟಿಕೆಟ್ ಸೇರಿಸಿದ ಮೇಲೂ ಅಗ್ಗವೇ ಎಂದು ಕೂಡಿಸಿ ನೋಡಿ. ಮಾರಾದ ಸುತ್ತ ಕನ್ಸರ್ವೆನ್ಸಿ ಎಂಬ ಖಾಸಗಿ ಕಾಡುಗಳೂ ಇವೆ. ಅಲ್ಲಿ ಗಾಡಿ ಕಡಿಮೆ, ರಾತ್ರಿ ಸಫಾರಿಗೂ ಅವಕಾಶ ಇರುತ್ತದೆ. ಅವುಗಳ ಶುಲ್ಕ ಬೇರೆ, ಬೆಲೆಯೂ ಮೇಲಿನ ಮಟ್ಟದ್ದು.

ತಾಂಜಾನಿಯಾದಲ್ಲಿ ಗಡಿಯಾರ ಬೇರೆ. ಸೆರೆಂಗೆಟಿಯ ಪ್ರವೇಶ 70 ಡಾಲರ್, ಮೇಲೆ 18% ವ್ಯಾಟ್, ಒಟ್ಟು 82.60. ಇದು 24 ಗಂಟೆಗೆ. ಒಳಗೆ ಹೋದ ನಿಮಿಷ ಪರ್ಮಿಟ್ಟಿನ ಮೇಲೆ ಬಿದ್ದಿರುತ್ತದೆ. ಎನ್‌ಗೊರೊಂಗೊರೊ ಪ್ರದೇಶಕ್ಕೆ 60 ಡಾಲರ್, ವ್ಯಾಟ್ ಸೇರಿ 70.80. ಜ್ವಾಲಾಮುಖಿ ಕುಳಿಯ ಒಳಗೆ ಇಳಿಯಲು ಗಾಡಿಗೆ 250 ಡಾಲರ್, ವ್ಯಾಟ್ ಸೇರಿ 295. ಇಬ್ಬರೇ ಇದ್ದರೆ ಇಳಿಯುವುದಕ್ಕೇ ತಲೆಗೆ ಸುಮಾರು 148, ಆರು ಜನ ಇದ್ದರೆ 49.

ಅರೂಶಾದಿಂದ ಸೆರೆಂಗೆಟಿಗೆ ಹೋಗುವ ಮುಖ್ಯ ರಸ್ತೆ ಎನ್‌ಗೊರೊಂಗೊರೊ ಮೂಲಕವೇ ಹಾದು ಹೋಗುತ್ತದೆ. ಸುಮ್ನೆ ದಾಟಿಹೋದರೂ 70.80 ಕಟ್ಟಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಹಾಗಾಗಿ ಅರೂಶಾದಿಂದ ಹೋಗಿ ಅಲ್ಲಿಗೇ ಬಂದು, ನಡುವೆ ಸೆರೆಂಗೆಟಿಯಲ್ಲಿ ಎರಡು ದಿನ, ಬರುವಾಗ ಕುಳಿ ಎಂದರೆ ಆರು ಜನರ ಗಾಡಿಯಲ್ಲಿ ತಲೆಗೆ ಸುಮಾರು 356 ಡಾಲರ್ ಬರಿ ಗೇಟಿಗೇ ಹೋಗುತ್ತದೆ. ನಾವು ಮಾರಾದಿಂದ ಇಸೆಬಾನಿಯಾ ಗಡಿ ದಾಟಿ ಸೆರೆಂಗೆಟಿಯನ್ನು ಪಶ್ಚಿಮದ ಕಡೆಯಿಂದ ಹೊಕ್ಕೆವು. ಎನ್‌ಗೊರೊಂಗೊರೊ ಒಂದೇ ಸಲ ಬಂತು. 285 ಡಾಲರಿಗೆ ಮುಗಿಯಿತು.

ಒಂದು ಮಧ್ಯಾಹ್ನದ ಮಾತು ಹೇಳುತ್ತೇನೆ. ನಾವು ಸೆರೆಂಗೆಟಿ ಹೊಕ್ಕದ್ದು ಸಂಜೆ 4:05ಕ್ಕೆ. ಎರಡು ದಿನದ ಪರ್ಮಿಟ್ ಮುಗಿಯುವುದೂ ಅದೇ ನಿಮಿಷಕ್ಕೆ. ಹೊರಡುವ ದಿನ ನಾಬಿ ಹಿಲ್ ಗೇಟಿನ ಕಡೆ ಬರುತ್ತಿದ್ದಾಗ ರಸ್ತೆ ಪಕ್ಕದ ಬಂಡೆ ಮೇಲೆ ಸಿಂಹಿಣಿ, ಅದರ ಹೊಟ್ಟೆಗೆ ಒತ್ತಿಕೊಂಡು ಮೂರು ಮರಿ. ಡ್ರೈವರ್ ಗಾಡಿ ನಿಲ್ಲಿಸಿದ. ಕೈಗಡಿಯಾರ ನಮ್ಮ ಕಡೆ ತಿರುಗಿಸಿ ತೋರಿಸಿದ, 3:30. 'ಹತ್ತು ನಿಮಿಷ ಇದೆ. ಆಮೇಲೆ ಗೇಟಿಗೆ ಓಡಿಸಬೇಕು' ಅಂದ. ಹತ್ತೂ ನಿಮಿಷ ನೋಡಿದೆವು, ಗೇಟನ್ನು ಹೊತ್ತಿಗೆ ದಾಟಿದೆವು. ಅವನು ಮೊದಲ ದಿನವೇ ನಮಗೆ ಪರ್ಮಿಟ್ ತೋರಿಸಿ, ಹೊತ್ತನ್ನು ಬರೆದುಕೊಳ್ಳಿ ಎಂದಿದ್ದ. ನನ್ನ ಕಣ್ಣಲ್ಲಿ ಒಳ್ಳೆಯ ಕಂಪನಿ ಅಂದರೆ ಹೀಗೆ ಲೆಕ್ಕವನ್ನು ನಿಮ್ಮ ಕೈಗೆ ಕೊಡುವ ಕಂಪನಿ.

ನಾಲ್ಕನೆಯದು: ದಾರಿ

ನಕಾಶೆಯಲ್ಲಿ ಎಲ್ಲ ಹತ್ತಿರ ಕಾಣುತ್ತದೆ. ನೈರೋಬಿಯಿಂದ ಮಾರಾಗೆ ಸುಮಾರು 270 ಕಿಲೋಮೀಟರ್, ಐದಾರು ಗಂಟೆ. ಮಾರಾದಿಂದ ಇಸೆಬಾನಿಯಾ ಮೂಲಕ ಸೆರೆಂಗೆಟಿಗೆ ಪೂರ್ತಿ ಒಂದು ದಿನ. ಮಾರಾ ಮತ್ತು ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿವೆ, ವಿಲ್ಡೆಬೀಸ್ಟ್ ನಡೆದೇ ದಾಟುತ್ತದೆ, ಆದರೆ ಪ್ರವಾಸಿಗಳಿಗೆ ಆ ನಡುವಿನ ಗಡಿ ಮುಚ್ಚಿದೆ. ಸುತ್ತು ಹಾಕಿಯೇ ಹೋಗಬೇಕು. ಕೀನ್ಯಾದ ಸಫಾರಿ ಗಾಡಿ ತಾಂಜಾನಿಯಾದ ಕಾಡಿಗೆ ಹೋಗುವಂತಿಲ್ಲ. ಗಡಿಯಲ್ಲಿ ಇಳಿದು, ಸಾಮಾನು ಹೊತ್ತು ನಡೆದು, ಆ ಕಡೆ ನಿಂತ ಬೇರೆ ಗಾಡಿ ಹತ್ತಬೇಕು. ಒಂದೇ ಗಾಡಿಯಲ್ಲಿ ಎರಡೂ ದೇಶದ ಕಾಡು ತೋರಿಸುತ್ತೇವೆ ಎಂದವರನ್ನು ಇದನ್ನೇ ಕೇಳಿ ನೋಡಿ.

ಏಳು ದಿನದಲ್ಲಿ ಐದು ಕಾಡು ತೋರಿಸುವ ಪಟ್ಟಿ ನೋಡಲು ಚೆನ್ನ. ಕಾಣುವುದು ಟಾರ್ ರಸ್ತೆ. ವಾರಕ್ಕೆ ಎರಡು ಕಾಡು ಸಾಕು. ಮಾರಾ 1,510 ಚದರ ಕಿಲೋಮೀಟರ್, ಸೆರೆಂಗೆಟಿ 14,763. ಒಂದು ಕಡೆ ಮೂರು ದಿನ ಇದ್ದರೆ ಗೈಡಿಗೆ ಯಾವ ಚಿರತೆ ಯಾವ ಮರದಲ್ಲಿ ಎಂದು ಗೊತ್ತಾಗುತ್ತದೆ. ಅಕ್ಕ ಚಿರತೆ ನೋಡಿದ್ದು ಹೀಗೆ, ಮೂರನೇ ದಿನ.

ಐದನೆಯದು: ಕೊಟೇಶನ್ ಕೇಳುವ ರೀತಿ

ಕಂಪನಿಯ ಪ್ಯಾಕೇಜ್ ನೋಡಿ ಬೆಲೆ ಕೇಳಬೇಡಿ. ನಿಮ್ಮ ಪ್ಯಾಕೇಜ್ ನೀವೇ ಅರ್ಧ ಪುಟದಲ್ಲಿ ಬರೆಯಿರಿ: ಎಷ್ಟು ಜನ, ಯಾವ ತಾರೀಕು, ಎಲ್ಲಿ ಎಷ್ಟು ರಾತ್ರಿ, ಟೆಂಟೋ ಲಾಜೋ. ಅದೇ ಪತ್ರವನ್ನು ನಾಲ್ಕೈದು ಕಂಪನಿಗೆ ಕಳಿಸಿ. ಉತ್ತರಗಳನ್ನು ಆಗ ಮಾತ್ರ ಹೋಲಿಸಬಹುದು. ಪತ್ರದಲ್ಲಿ ನಾವು ಕೇಳಿದ್ದು ಇವು:

ಪಾರ್ಕ್ ಶುಲ್ಕ ಯಾವ ಯಾವ ದಿನಕ್ಕೆ ಸೇರಿದೆ? ದಿನದ ಲೆಕ್ಕದಲ್ಲಿ ಬರೆದು ಕೊಡಿ.
ಪ್ರತಿ ದಿನ ಗೇಟಿನ ಒಳಗೆ ಎಷ್ಟು ಗಂಟೆ? ಕಿಲೋಮೀಟರಿಗೆ, ಗಂಟೆಗೆ ಮಿತಿ ಇದೆಯಾ?
ಲಾಜಿನ ಹೆಸರೇನು, ಗೇಟಿನಿಂದ ಎಷ್ಟು ದೂರ? ಸಿಗದಿದ್ದರೆ ಬದಲಿ ಯಾವುದು, ಅದರ ಹೆಸರೂ ಬೇಕು.
ಗಾಡಿ ವ್ಯಾನೋ ಲ್ಯಾಂಡ್ ಕ್ರೂಸರೋ? ಎಷ್ಟು ಜನ ಕೂರುತ್ತಾರೆ? ಎಲ್ಲರಿಗೂ ಕಿಟಕಿ ಸಿಗುತ್ತದಾ?
ಗಾಡಿ ಕೆಟ್ಟರೆ ಬದಲಿ ಗಾಡಿ ಎಷ್ಟು ಗಂಟೆಯಲ್ಲಿ ಬರುತ್ತದೆ?

ಇವಕ್ಕೆ ಉತ್ತರ ಬರುವ ರೀತಿಯಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಒಂದು ಕಂಪನಿಯವರು ಐದೂ ಪ್ರಶ್ನೆಗೆ 'ಡೋಂಟ್ ವರಿ' ಎಂದು ಬರೆದರು. ಇನ್ನೊಂದು ಕಂಪನಿಯ ಹೆಣ್ಣುಮಗಳು, ನೀವು ಕೇಳಿದ ಮೂರನೇ ದಿನದ ದಾರಿ ತುಂಬಾ ಉದ್ದ, ವಯಸ್ಸಾದವರಿದ್ದರೆ ನಡುವೆ ಒಂದು ರಾತ್ರಿ ನಿಲ್ಲಿ ಎಂದು ತಾನಾಗಿ ಹೇಳಿದಳು. ಅವರ ಬೆಲೆ ಎಲ್ಲರಿಗಿಂತ ಕಡಿಮೆ ಇರಲಿಲ್ಲ. ಆದರೂ ಅವರನ್ನೇ ಹಿಡಿದೆವು.

ಆರನೆಯದು: ಕಂಪನಿ ನಿಜವಾ, ಪರೀಕ್ಷಿಸಿ

ಕೀನ್ಯಾದಲ್ಲಿ ಟೂರ್ ಕಂಪನಿಗೆ ಟೂರಿಸಂ ರೆಗ್ಯುಲೇಟರಿ ಅಥಾರಿಟಿಯ ಪರವಾನಗಿ ಬೇಕು. ಈ ವರ್ಷದ ಪ್ರತಿ ಕೇಳಿ. ಅಲ್ಲಿನ ಟೂರ್ ಆಪರೇಟರುಗಳ ಸಂಘ ಕಾಟೋ. ಸದಸ್ಯರ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ತಾಂಜಾನಿಯಾದಲ್ಲಿ ಪರವಾನಗಿಗೆ ತಾಲಾ ಎನ್ನುತ್ತಾರೆ, ಸಂಘದ ಹೆಸರು ಟಾಟೋ. ಕೀನ್ಯಾದಲ್ಲಿ ಗೈಡುಗಳಿಗೂ ಪರೀಕ್ಷೆ ಇದೆ. ಅಲ್ಲಿನ ಸಫಾರಿ ಗೈಡುಗಳ ಸಂಘ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆ ಕೊಡುತ್ತದೆ. ನಮಗೆ ಬೆಳ್ಳಿ ದರ್ಜೆಯ ಗೈಡ್ ಬೇಕು ಎಂದು ಕೇಳಲು ಸಂಕೋಚ ಬೇಡ.

ಮುಂಗಡ 20ರಿಂದ 30% ದಾಟಿ ಮೊದಲೇ ಕಟ್ಟಬೇಡಿ. ಕಂಪನಿಯ ಹೆಸರಿನ ಖಾತೆಗೇ ಕಟ್ಟಿ. ವ್ಯಕ್ತಿಯ ಹೆಸರಿನ ಖಾತೆ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ಮುಂಗಡ ಕಟ್ಟಿ ಎರಡು ವಾರಕ್ಕೆ ಲಾಜಿನ ಬುಕಿಂಗ್ ನಂಬರ್ ತರಿಸಿಕೊಳ್ಳಿ. ಆಮೇಲೆ ನೀವೇ ಆ ಲಾಜಿಗೆ ಮೇಲ್ ಹಾಕಿ, ಈ ಹೆಸರಲ್ಲಿ ಈ ತಾರೀಕಿಗೆ ರೂಮು ಇದೆಯಾ ಎಂದು ಕೇಳಿ. ಹತ್ತು ನಿಮಿಷದ ಕೆಲಸ. ಮೊದಲ ಸಲ ಇದೊಂದನ್ನು ಮಾಡಿದ್ದರೆ ನಮ್ಮ ಹೆಸರಲ್ಲಿ ಅಲ್ಲಿ ರೂಮೇ ಇಲ್ಲ ಎಂದು ಡೊಂಬಿವಲಿಯಲ್ಲಿ ಕೂತೇ ತಿಳಿಯುತ್ತಿತ್ತು.

ಮುಂಬೈ ಕಂಪನಿಯಿಂದ ತೆಗೆದುಕೊಂಡರೆ ಬಿಲ್ಲಿನಲ್ಲಿ 5% ಜಿಎಸ್‌ಟಿ ಇರುತ್ತದೆ, ಟಿಸಿಎಸ್ (ಕಂಪನಿಯೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಹಿಡಿಯುತ್ತಾರೆ. ಕೊಟೇಶನ್ ಇವೆರಡೂ ಸೇರಿ ಇದೆಯಾ ಎಂದು ಕೇಳಿ. ಟಿಸಿಎಸ್ ದರ ಕೆಲವು ವರ್ಷದಿಂದ ಬದಲಾಗುತ್ತಲೇ ಬಂದಿದೆ, ಹಾಗಾಗಿ ಬುಕ್ ಮಾಡುವ ದಿನದ ದರ ನೋಡಿ. ಅದು ಕಳೆದುಹೋಗುವ ದುಡ್ಡಲ್ಲ. ಪ್ಯಾನ್ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಆ ತನಕ ಅಷ್ಟು ನಗದು ನಿಮ್ಮ ಕೈಯಿಂದ ಹೋಗಿರುತ್ತದೆ.

ಏಳನೆಯದು: ನಮ್ಮ ಲೆಕ್ಕದ ಪುಟ

ಆರು ಜನ, ಫೆಬ್ರವರಿ, ಒಂಬತ್ತು ರಾತ್ರಿ. ನೈರೋಬಿ ಒಂದು, ಮಾರಾ ಮೂರು, ಸೆರೆಂಗೆಟಿ ಎರಡು, ಎನ್‌ಗೊರೊಂಗೊರೊ ಒಂದು, ಅರೂಶಾ ಒಂದು, ನಮಂಗಾ ಗಡಿ ದಾಟಿ ಮತ್ತೆ ನೈರೋಬಿ ಒಂದು. ಡಾಲರಿಗೆ 90 ರೂಪಾಯಿ ಹಿಡಿದಿದ್ದೇನೆ. ತಲೆಗೆ ಬಂದದ್ದು ಇಷ್ಟು.

ಮುಂಬೈ-ನೈರೋಬಿ ವಿಮಾನ ಹೋಗಿಬರಲು 45,000. ನೇರ ವಿಮಾನ ಇದೆ, ಆರು ಗಂಟೆ ಅಷ್ಟೇ. ಎರಡು ದೇಶದ ಅನುಮತಿ 7,500. ಮಾರಾ ಟಿಕೆಟ್ ಮೂರು ದಿನಕ್ಕೆ 27,000. ಸೆರೆಂಗೆಟಿ, ಎನ್‌ಗೊರೊಂಗೊರೊ, ಕುಳಿ ಸೇರಿ 25,700. ಎರಡು ಗಾಡಿ ಒಟ್ಟು ಎಂಟು ದಿನ, ಡೀಸೆಲ್, ಡ್ರೈವರ್ ಎಲ್ಲ ಸೇರಿ ತಲೆಗೆ 30,000. ಟೆಂಟು, ಅಡುಗೆಯವನು, ಊರಿನಲ್ಲಿ ಸಾಧಾರಣ ಹೋಟೆಲ್, ಊಟ ಸೇರಿ 50,000. ಟಿಪ್ಸ್ 3,000. ಇನ್ಶೂರೆನ್ಸ್, ಲಸಿಕೆ, ಸಣ್ಣಪುಟ್ಟದ್ದಕ್ಕೆ 5,000. ಒಟ್ಟು 1,93,200. ಅದರ ಮೇಲೆ ತುರ್ತಿಗೆಂದು 10% ಇಟ್ಟುಕೊಂಡಿದ್ದೆವು, ಎಲ್ಲ ಸೇರಿ 2.12 ಲಕ್ಷದ ಹತ್ತಿರ. ಟೆಂಟಿನ ಬದಲು ಮಧ್ಯಮ ಲಾಜ್ ಹಿಡಿದಿದ್ದರೆ ಇನ್ನೊಂದು 40,000 ಮೇಲಾಗುತ್ತಿತ್ತು.

ಇದೇ ಪ್ರವಾಸ ಜುಲೈಯಿಂದ ಡಿಸೆಂಬರ್ ಒಳಗಾದರೆ ಮಾರಾ ಟಿಕೆಟ್ ಒಂದರಲ್ಲೇ 27,000 ಜಾಸ್ತಿ. ಇಬ್ಬರೇ ಹೋದರೆ ಗಾಡಿಯ 30,000 ಇದ್ದದ್ದು 90,000. ಅದಕ್ಕೇ ಮೊದಲು ಜನ ಸೇರಿಸಿ ಎನ್ನುವುದು. ಕೂಡಿ ಹೋಗುವವರು ಒಂದೇ ಹೊತ್ತಿಗೆ ಏಳುವವರಾಗಿರಬೇಕು. ಐದೂವರೆಗೆ ಗಾಡಿ ಹತ್ತದ ಒಬ್ಬರಿದ್ದರೆ ಉಳಿದ ಐವರ ಟಿಕೆಟ್ಟೂ ಹಾಳು.

ಬಲೂನ್ ಸವಾರಿ ಈ ಲೆಕ್ಕದಲ್ಲಿಲ್ಲ. ತಲೆಗೆ ಸುಮಾರು 450 ಡಾಲರ್ ಆಗುತ್ತದೆ. ನಾವು ಬಿಟ್ಟೆವು, ಆ ದುಡ್ಡಲ್ಲಿ ಮಾರಾದಲ್ಲಿ ಮೂರನೇ ದಿನ ಇದ್ದೆವು.

ಎಂಟನೆಯದು: ಕಾಗದ, ಲಸಿಕೆ, ಚೀಲ

ಕೀನ್ಯಾಗೆ ಈಗ ವೀಸಾ ಇಲ್ಲ, 2024ರ ಜನವರಿಯಿಂದ ಇಟಿಎ ಎಂಬ ಆನ್‌ಲೈನ್ ಅನುಮತಿ, 30 ಡಾಲರ್ ಮತ್ತು ಸ್ವಲ್ಪ ಸೇವಾ ಶುಲ್ಕ. ತಾಂಜಾನಿಯಾ ಇ-ವೀಸಾ 50 ಡಾಲರ್. ಎರಡಕ್ಕೂ ಸರ್ಕಾರದ ಸೈಟಿನಿಂದಲೇ ಅರ್ಜಿ ಹಾಕಿ, ನಡುವಿನ ಏಜೆಂಟ್ ಸೈಟುಗಳು ದುಪ್ಪಟ್ಟು ಕೀಳುತ್ತವೆ. ಪೂರ್ವ ಆಫ್ರಿಕಾ ವೀಸಾ ಎಂಬ 100 ಡಾಲರಿನದು ಕೀನ್ಯಾ, ಉಗಾಂಡಾ, ರುವಾಂಡಾಗೆ ಮಾತ್ರ. ಅದರಲ್ಲಿ ತಾಂಜಾನಿಯಾ ಇಲ್ಲ. ನಮಂಗಾದಿಂದ ಕೀನ್ಯಾಗೆ ಮರಳಿ ಬರುವ ದಾರಿ ಇದ್ದರೆ ಅನುಮತಿ ಅದಕ್ಕೂ ನಡೆಯುತ್ತದಾ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ.

ಹಳದಿ ಜ್ವರದ ಲಸಿಕೆಯನ್ನು ಕೊನೆಗೆ ಬಿಡಬೇಡಿ. ಕೀನ್ಯಾದಿಂದ ಬಂದಾಗ ಮುಂಬೈ ವಿಮಾನ ನಿಲ್ದಾಣದಲ್ಲೇ ಆ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇಡಬಹುದು. ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ, ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಬೈಕುಲ್ಲಾದ ಜೆ.ಜೆ. ಆಸ್ಪತ್ರೆ, ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯಂಥ ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು. ಮೊದಲೇ ದಿನ ಗೊತ್ತುಮಾಡಿ, ಪಾಸ್‌ಪೋರ್ಟ್ ಒಯ್ಯಿರಿ. ಅರವತ್ತು ದಾಟಿದವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು, ಭಾವ ಹಾಗೇ ಮಾಡಿದರು. ಮಲೇರಿಯಾ ಮಾತ್ರೆಯನ್ನೂ ಅದೇ ಸಲ ಕೇಳಿಬಿಡಿ. ಇನ್ಶೂರೆನ್ಸಿನಲ್ಲಿ ಕಾಡಿನಿಂದ ವಿಮಾನದಲ್ಲಿ ಎತ್ತಿಕೊಂಡು ಬರುವ ಖರ್ಚು ಸೇರಿರಬೇಕು. ಅಲ್ಲಿ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಆ ಕೆಲಸ ಮಾಡುತ್ತದೆ, ಎಷ್ಟೋ ಕಂಪನಿಗಳು ಅದರ ಸದಸ್ಯತ್ವ ಬೆಲೆಯಲ್ಲೇ ಸೇರಿಸಿರುತ್ತವೆ.

ಡಾಲರ್ ನೋಟು 2009ರ ನಂತರ ಮುದ್ರಣವಾದದ್ದೇ ಕೊಡಿ ಎಂದು ಇಲ್ಲಿಯೇ ಕೇಳಿ ಪಡೆಯಿರಿ. ಹಳೆಯದನ್ನು, ಹರಿದದ್ದನ್ನು ಅಲ್ಲಿ ಮುಟ್ಟುವುದಿಲ್ಲ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, 2020ರಿಂದ ಕಾಡಿನೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ ಇಲ್ಲ. ತಾಂಜಾನಿಯಾದಲ್ಲೂ 2019ರಿಂದ ಪ್ಲಾಸ್ಟಿಕ್ ಚೀಲ ಇಲ್ಲ. ಚಟ್ನಿಪುಡಿ, ಅವಲಕ್ಕಿಯನ್ನು ಡಬ್ಬಿಗೆ ಹಾಕಿ, ಬಟ್ಟೆ ಚೀಲದಲ್ಲಿಡಿ. ಸ್ಟೀಲ್ ಬಾಟಲಿ ಒಯ್ಯಿರಿ. ಗಟ್ಟಿ ಸೂಟ್‌ಕೇಸ್ ಜೀಪಿನಲ್ಲಿ ಕೂರುವುದಿಲ್ಲ, ಮೆತ್ತನೆಯ ಚೀಲ ತಲೆಗೊಂದು. ಸ್ವೆಟರ್ ಮರೆಯಬೇಡಿ. ಎನ್‌ಗೊರೊಂಗೊರೊ ಕುಳಿಯ ಅಂಚು ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಮೇಲಿದೆ, ರಾತ್ರಿ ಟೆಂಟಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಊಟದ ಚಿಂತೆ ಬಹಳ ಬೇಡ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಕಡೆ ನಮ್ಮ ಬೇಳೆ, ಹಿಟ್ಟು, ಉಪ್ಪಿನಕಾಯಿ ಎಲ್ಲ ಸಿಗುತ್ತದೆ. ಅಲ್ಲಿನ ಜನ ಚಪಾತಿಗೆ ಚಪಾತಿ, ಚಹಾಕ್ಕೆ ಚಾಯ್, ಗಾಡಿಗೆ ಗಾರಿ, ಅಂಗಡಿಗೆ ದುಕಾ, ದುಡ್ಡಿಗೆ ಪೆಸಾ ಎನ್ನುತ್ತಾರೆ. ಮುಂಬೈಯಲ್ಲಿ ಬೆಳೆದ ನಮಗೆ ಎರಡೇ ದಿನದಲ್ಲಿ ಊರು ಪರಿಚಯವಾದ ಹಾಗಾಯಿತು. ಸಸ್ಯಾಹಾರಿ ಎಂದು ಮಾತ್ರ ಬರಹದಲ್ಲಿ ತಿಳಿಸಿ, ಮೊಟ್ಟೆ ನಡೆಯುತ್ತದಾ ಇಲ್ಲವಾ ಎಂಬುದನ್ನೂ ಸೇರಿಸಿ.

ಕೊನೆಯ ದಿನ

ಟಿಪ್ಸ್ ಅಲ್ಲಿ ಸಂಬಳದ ಒಂದು ಭಾಗದ ಹಾಗೆ, ಅದನ್ನು ಬಜೆಟ್ಟಿನಲ್ಲೇ ಇಡಿ. ಗಾಡಿಗೆ ದಿನಕ್ಕೆ ಸುಮಾರು 20 ಡಾಲರ್ ಗೈಡಿಗೆ, ಟೆಂಟಿನ ಪ್ರವಾಸವಾದರೆ ಅಡುಗೆಯವನಿಗೆ ಬೇರೆ. ನಾವು ಆರು ಜನರ ಪಾಲನ್ನು ಮುಂಬೈಯಲ್ಲೇ ಎರಡು ಲಕೋಟೆಗೆ ಹಾಕಿಟ್ಟಿದ್ದೆವು. ಅರೂಶಾದಲ್ಲಿ ಇಳಿದಾಗ ಅಕ್ಕ ಗೈಡಿಗೆ ಲಕೋಟೆ ಕೊಟ್ಟು, ತಾನು ಮನೆಯಿಂದ ತಂದಿದ್ದ ಶೇಂಗಾ ಉಂಡೆಯ ಡಬ್ಬಿಯನ್ನೂ ಅವನ ಕೈಗೆ ಇಟ್ಟಳು. ಅವನು ಅಲ್ಲೇ ಒಂದು ಬಾಯಿಗೆ ಹಾಕಿಕೊಂಡ. ಆಮೇಲೆ ಗಾಡಿಯ ಮುಂದಿನ ಪೆಟ್ಟಿಗೆ ತೆಗೆದು, ಸೆರೆಂಗೆಟಿಯ ಪರ್ಮಿಟ್ಟಿನ ಪ್ರತಿಯನ್ನು ಅವಳಿಗೆ ಕೊಟ್ಟ. 4:05 ಎಂದು ಇನ್ನೂ ಸ್ಪಷ್ಟ ಕಾಣುತ್ತಿತ್ತು.